ನೂರೊಂದು ರೊಟ್ಟಿಯ ಟ್ರಯಲ್

ಇಂಜಿನ್ ತಣ್ಣಗಿರೂವಾಗ ಬರ್ರಿ ಅಂತ ಹೇಳಿದ್ದೆ.
ಬಿಸಿ ಇಂಜಿನ್ ಅಂದರ ಮಾರಾವನ ಮಾತಿದ್ದಂಗ,
ಎಲ್ಲಾ ಮೆತ್ತಗ, ಎಲ್ಲಾದಕ್ಕೂ ಹೌದ್ರೀ ಹೌದು.
ತಣ್ಣಗಿದ್ದಾಗ ಕೀಲಿ ತಿರುವಿದರ ಖರೇ ಕೆಮ್ಮು ಕೇಳತೈತಿ.

ಆರೂವರಿಗೆ ಬಂದ್ಳು ನಿಂಬೆವ್ವ ಕನ್ನೂರ,
ಬಗಲಾಗ ಒಂದು ದೊಡ್ಡ ರಟ್ಟಿನ ಡಬ್ಬಿ.
ಬಾನೆಟ್ ಮ್ಯಾಲ ಅಂಗೈ ಇಟ್ಟೆ. ಬೆಚ್ಚಗಿತ್ತು.
ಏಜೆಂಟ್ ಗಿರಿಮಲ್ಲ ಆ ಕಡೆ ಮಾರಿ ಮಾಡಿ
ಚಾದಾಗಿನ ಕೆನಿ ಊದಲಿಕ್ಕತ್ತಿದ್ದ.
"ಆರಲಿ," ಅಂದೆ. ಕುಂತ್ವಿ.

ಅಥಣಿ ರೋಡಿನ ಬಿಸಲು ಟೈರಿಗೆ ಬರೂತನಕ ಕುಂತ್ವಿ.
ಹನ್ನೆರಡು ಹೆಣ್ಣುಮಕ್ಕಳು, ಆರು ಒಲಿ,
ದಿನಕ್ಕ ಮೂರು ಸಾವಿರ ಕಡಕ್ ರೊಟ್ಟಿ, ಅಂತ ಹೇಳಿದ್ಳು.
ಸೊಲ್ಲಾಪುರಕ್ಕ ಬಸ್ಸಿನ ಮ್ಯಾಲ ಹೋಗತಾವು,
ಒಡದದ್ದಕ್ಕ ಅಂಗಡ್ಯಾವ ರೊಕ್ಕಾ ಕೊಡೂದಿಲ್ಲ.

ಚಾಲೂ ಮಾಡಿದೆ. ಮೂರನೇ ಸಲಕ್ಕ ಎದ್ದಿತು.
ಬಿಳಿ ಹೊಗಿ ಬಂತು, ಒಂದು ಗಳಿಗಿ, ಹೋತು. ನನ್ನ ಉಸುರೂ ಬಂತು.
ಅದು ಹೋಗದ ನಿಂತಿದ್ದರ ಹೆಡ್ ಗ್ಯಾಸ್ಕೆಟ್, ಹದಿನಾಕು ಸಾವಿರ,
ಹೆಡ್ಡೂ ಸೊಟ್ಟಾಗಿದ್ದರ ಆ ಅಲ್ಲಾನ ಬಿಲ್ ಹರೀಬೇಕು.
ನೀಲಿ ಇಲ್ಲ. ಎಣ್ಣಿ ಕುಡಿಯೂ ಚಟ ಇಲ್ಲ.
ಕರೀದು ಐತಿ, ಹೊಟ್ಟಿಬಾಕತನ,
ನಾಕೂ ಇಂಜೆಕ್ಟರ್ ಬಿಚ್ಚಿ ತೊಳದರ ಒಂಬತ್ತು ಸಾವಿರ.
ಕ್ಲಚ್ ಎಂಟೂವರಿ.
ಸೆಕೆಂಡ್ ಗೇರ್ ಹಾಕಿದರ ಗುರ್ ಅಂತೈತಿ,
ಅದನ್ನ ಬಿಚ್ಚಿಸೂದಾದರ ಹನ್ನೊಂದು.

ಮೀಟರಿನ್ಯಾಗ ಎಂಬತ್ತೆರಡು ಸಾವಿರ ಕಿಲೋಮೀಟರ್.
ಬ್ರೇಕ್ ಪೆಡಲಿನ ರಬ್ಬರ್ ಮುಟ್ಟಿ ನೋಡಿದೆ,
ಹೊಳ್ಯಾಗಿನ ಕಲ್ಲಿನಂಗ ನುಣ್ಣಗ.
ಮೀಟರ್ ತಿರುವಾವ್ರು ರಬ್ಬರ್ ಮರೀತಾರ.

ಸಿಗರೇಟ್ ಪಾಕೀಟ ಹರದು ಲೆಕ್ಕಾ ಬರದು ಕೊಟ್ಟೆ,
ಇಪ್ಪತ್ತೆಂಟೂವರಿ ಸಾವಿರ.
ಆಕಿ ಓದಿದ್ಳು, ಮಡಚಿ ಕುಬಸದಾಗ ಇಟ್ಕೊಂಡ್ಳು,
"ಮೈಬೂಬಣ್ಣ, ಪಾಟಾ ಹೆಂಗದಾವ?" ಅಂದ್ಳು.

ಡಬ್ಬಿ ತಗದ್ಳು. ನೂರೊಂದು ರೊಟ್ಟಿ,
ಸಜ್ಜಿ ಅರ್ಧಾ, ಜ್ವಾಳ ಅರ್ಧಾ.
ಹಿಂದ ಬರೇ ತಗಡಿನ ಮ್ಯಾಲ ಇಟ್ಟು ಬಾಜೂಕ ಕುಂತ್ಳು,
ಕೈ ಮಾತ್ರ ಹಚ್ಚಲಿಲ್ಲ.
ತಿಕೋಟಾದ ತನಕ ಹೋಗಿ ತಿರುಗಿದ್ವಿ.
ನಾ ಗೇರ್ ಕೇಳಕೋತ ಹೊಡದೆ,
ಆಕಿ ಡಬ್ಬಿ ಕೇಳಕೋತ ಕುಂತಿದ್ಳು.
ಒಂದೊಂದು ತಗ್ಗಿಗೂ ಒಳಗ ಟಕ್, ಟಕ್,
ನಲವತ್ತು ವರ್ಷದಾಗ ನಾ ಕೇಳದ ಸಪ್ಪಳ.

ಹದಿನೇಳು ಒಡದಿದ್ದುವು.
"ಬಸ್ಸಿನ ಮ್ಯಾಲ ಎಂಟು," ಅಂದ್ಳು.
ಗಿರಿಮಲ್ಲನ ಚಾ ತಣ್ಣಗಾತು.

ನಾ ಗಾಡಿ ಬುಡಕ ಹೋದೆ.
ಎರಡೂ ಕಡೆ ಎರಡೆರಡು ಪಾಟಾ ಹೆಚ್ಚಿಗಿ,
ಸಿಮೆಂಟ್ ಹೇರಾಕ ಯಾರೋ ಹಾಕಿಸಿದ್ದು.
ಕ್ಲಾಂಪಿನ ವೆಲ್ಡಿಂಗ್ ಗುರ್ತ ಹತ್ತಿತು.
ಎಡಕ್ಕ ಓಡೂ ಆ ಹೊಲಿಗಿ ನಂದ.
ಹನ್ನೊಂದು ವರ್ಷದ ಹಿಂದ, ಒಂದು ರಾತ್ರಿ,
ಡಬಲ್ ಲೋಡಿಗೆ ಡಬಲ್ ಕೂಲಿ ಇಸ್ಕೊಂಡಿದ್ದೆ.
ಮಲಕೊಂಡ ಮಲಕೊಂಡ ಸ್ವಲ್ಪ ಹೊತ್ತು ಅದನ್ನ ನೋಡಿದೆ.

ಹೊರಗ ಬಂದು ಅಷ್ಟೂ ಹೇಳಲಿಲ್ಲ.
"ತಗದರ ಸಾಕು, ಹಾಕೂದೇನಿಲ್ಲ," ಅಂದೆ.
ನಾಕೂ ಪಾಟಾ ಬಿಚ್ಚಿ ಗ್ವಾಡಿಗೆ ಆನಿಸಿದೆ.
ಎಷ್ಟು ಅಂತ ಕೇಳಿದ್ಳು. ಮಣ್ಣ ಝಾಡಿಸಕೋತ ನಿಂತೆ.

ಎರಡನೇ ಟ್ರಯಲಿಗೆ ನಾಕು ಒಡದುವು.
ಒಡದದ್ದನ್ನೆಲ್ಲಾ ಅಲ್ಲೇ ಬಾನೆಟ್ ಮ್ಯಾಲ ಹರವಿ
ಶೇಂಗಾ ಹಿಂಡಿ ಹಚ್ಚಿ ತಿಂದ್ವಿ.
ಗಿರಿಮಲ್ಲ ಮೂರು ತಿಂದ, ಹತ್ತು ಸಾವಿರ ಇಳದ.

ಇಂಜೆಕ್ಟರ್ ಮಾಡಿಸಿದ್ಳು, ಕ್ಲಚ್ಚೂ ಆತು.
ಸೆಕೆಂಡ್ ಗೇರ್ ಮಾತ್ರ ಹಂಗ ಐತಿ,
ನಮ್ಮ ಓಣಿ ತಿರುವಿನ್ಯಾಗ ಬಂದರ ಗುರ್ ಅಂತೈತಿ,
ನಾ ಪಾನಾ ಕೆಳಗಿಟ್ಟು ಹೊರಗ ಬರತೀನಿ.
"ಯಾವಾಗ ಬಿಚ್ಚೂಣ?" ಅಂತ ಪ್ರತಿ ಸಲಾನೂ ಕೇಳತೀನಿ.
"ಒದರಲಿ ಬಿಡಪಾ," ಅಂತಾಳ,
"ರೊಟ್ಟಿಗೇನು ಕಿವಿ ಅದಾವೇನು?"